ಬಿಸಿಲು ಬರುವ ದಾರಿ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಮನೆಯ ಬಗ್ಗೆ ಮಾತಾಡೋಣ. ನಿಮ್ಮಲ್ಲಿ ಕೆಲವರು ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಬೇಕು ಅಂತ ಇದ್ದೀರಿ. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಕೇಳಿ.

ನಮ್ಮದು ತಿರುಮಕೂಡಲು ನರಸೀಪುರ ತಾಲ್ಲೂಕು. ನಮಗೂ ತೊಟ್ಟಿ ಮನೆ ಇತ್ತು. ಮೊಳ ದಪ್ಪದ ಮಣ್ಣಿನ ಗೋಡೆ. ಮೇಲೆ ಅಟ್ಟ, ಅದರ ಮೇಲೆ ಹೆಂಚು. ಮುಂದೆ ಜಗಲಿ. ನಡುವೆ ಆಕಾಶ ಕಾಣುವ ತೊಟ್ಟಿ. 2021ರಲ್ಲಿ ಅದನ್ನು ಕೆಡವಿದೆವು. ಯಾಕೆ ಅಂತೀರಾ? ಕೋತಿಗಳು ಹೆಂಚು ಒಡೀತಿದ್ದವು. ತೊಲೆಗೆ ಗೆದ್ದಲು ಹಿಡಿದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಭಯ. 2018ರಲ್ಲಿ, ಮತ್ತೆ 2019ರಲ್ಲಿ ಕಪಿಲೆ ತುಂಬಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ನೆನೆದ ಮಣ್ಣಿನ ಗೋಡೆ ನಿಲ್ಲೋದಿಲ್ಲ. ಅದನ್ನು ಕಣ್ಣಾರೆ ಕಂಡವರಿಗೆ ಮಣ್ಣಿನ ಮನೆ ಒಳ್ಳೇದು ಅಂತ ಹೇಳೋದು ಸುಲಭವಲ್ಲ.

ಹೊಸ ಮನೆ ಆಯಿತು. ಮೊದಲನೇ ಏಪ್ರಿಲ್ ಬಂತು. ಮನೆಯಲ್ಲಿ ಬಾಣಂತಿ, ಎರಡು ತಿಂಗಳ ಕೂಸು. ರಾತ್ರಿ ಹನ್ನೊಂದಾದರೂ ಗೋಡೆ ಬಿಸಿ, ಸೂರು ಬಿಸಿ. ಫ್ಯಾನು ಹಾಕಿದರೆ ಬಿಸಿ ಗಾಳಿ. ಕರೆಂಟು ಹೋದರೆ ಅದೂ ಇಲ್ಲ. ಕೂಸಿನ ಮೈತುಂಬ ಬೆವರುಸಾಲೆ ಎದ್ದಿತು. ಬೆಳಗಿನ ಜಾವದವರೆಗೂ ಅತ್ತಿತು. ಅಜ್ಜಿ ಚಾಪೆ ಸುತ್ತಿಕೊಂಡು ಜಗಲಿಗೆ ಹೊರಟರು. ಜಗಲಿ ಎಲ್ಲಿದೆ? ಅದನ್ನೂ ಕೆಡವಿದ್ದೆವಲ್ಲ! "ಮನೆ ಕಟ್ಟಿದಿರೋ, ಒಲೆ ಕಟ್ಟಿದಿರೋ?" ಅಂದರು.

ಅಜ್ಜಿಯ ಮಾತು ನಿಜವೇ. ಮನೆಗೆ ಬಿಸಿಲು ಎಲ್ಲಿಂದ ಬರುತ್ತೆ ಅಂತ ನಾವು ಯೋಚಿಸಿಯೇ ಇರಲಿಲ್ಲ. ಏಪ್ರಿಲ್ ನಾಲ್ಕನೇ ವಾರ ನಡು ಮಧ್ಯಾಹ್ನ ಅಂಗಳದಲ್ಲಿ ಒಂದು ಕೋಲು ನೆಡಿ. ನೆರಳು ಕೋಲಿನ ಬುಡದಲ್ಲೇ ಇರುತ್ತೆ. ಸೂರ್ಯ ನೆತ್ತಿಯ ಮೇಲೆ! ಅಂದರೆ ಹೆಚ್ಚಿನ ಬಿಸಿಲು ಬೀಳೋದು ಗೋಡೆಗಲ್ಲ, ಸೂರಿಗೆ. ಬೆಳಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ ಓರೆಯಾಗಿ ಬೀಳುತ್ತೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಆಗ ಕೋಲಿನ ನೆರಳು ಉತ್ತರಕ್ಕೆ ಬೀಳುತ್ತೆ. ದಕ್ಷಿಣದ ಗೋಡೆಗೆ ಬಿಸಿಲು ತಾಗೋದು ಚಳಿಗಾಲದಲ್ಲಿ. ಅದು ಹಿತವಾದ ಬಿಸಿಲು.

ಚಳಿ ದೇಶಗಳಲ್ಲಿ ದಕ್ಷಿಣಕ್ಕೆ ದೊಡ್ಡ ಗಾಜಿನ ಕಿಟಕಿ ಇಟ್ಟು ಬಿಸಿಲನ್ನು ಒಳಕ್ಕೆ ಕರೀತಾರೆ. ಆ ಚಿತ್ರ ನೋಡಿ ನಮ್ಮಲ್ಲಿ ಕೆಲವರು ಪಶ್ಚಿಮಕ್ಕೆ ಗಾಜು ಹಾಕಿಸಿ, ಆಮೇಲೆ ಪರದೆ ಎಳೆದುಕೊಂಡು ಕೂರ್ತಾರೆ.

ಹಳೇ ಮನೆ ತಂಪಾಗಿ ಇದ್ದದ್ದು ಹೇಗೆ? ಹೆಂಚು ತೆಳು. ಬೇಗ ಕಾಯುತ್ತೆ, ಬೇಗ ಆರುತ್ತೆ. ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತೆ. ಅಟ್ಟ ಆ ಬಿಸಿಯನ್ನು ಕೆಳಗೆ ಇಳಿಯಲು ಬಿಡೋದಿಲ್ಲ. ದಪ್ಪ ಗೋಡೆಯಲ್ಲಿ ಬಿಸಿ ಒಳಗೆ ಬರಲು ಬಹಳ ಗಂಟೆ ಬೇಕು. ರಾತ್ರಿ ತೊಟ್ಟಿಯೊಳಗೆ ತಂಪು ಗಾಳಿ ಇಳಿಯುತ್ತೆ. ಆರ್‌ಸಿಸಿ ಹಾಗಲ್ಲ. ಹಗಲೆಲ್ಲ ಬಿಸಿ ಕುಡಿದು, ನಾವು ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತೆ. ರಾತ್ರಿ ಏಣಿ ಹತ್ತಿ ಸೂರಿಗೆ ಅಂಗೈ ಇಟ್ಟು ನೋಡಿ, ತಿಳಿಯುತ್ತೆ.

ಕಟ್ಟಿದ ಮನೆ ಕೆಡವೋಕೆ ಆಗುತ್ತಾ? ಸಾಲ ಇನ್ನೂ ತೀರಿಲ್ಲ. ತಾರಸಿ ಗುಡಿಸಿ, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿದೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತೆ. (ಸುಣ್ಣ ಕಣ್ಣಿಗೆ ಸಿಡಿದೀತು, ಜೋಪಾನ.) ಮಳೆಗೆ ತೊಳೆದು ಹೋಗುತ್ತೆ. ಪ್ರತಿ ವರ್ಷ ಬೇಸಿಗೆಗೆ ಮೊದಲು ಮತ್ತೆ ಬಳೀಬೇಕು. ತಾರಸಿಯ ಮೇಲೆ ತೆಂಗಿನ ಗರಿಯ ಚಪ್ಪರವನ್ನೂ ಹಾಕಿದೆವು. ಪಶ್ಚಿಮಕ್ಕೆ ಹೊಂಗೆ ಸಸಿ ನೆಟ್ಟೆವು. ಅದು ನೆರಳು ಕೊಡಲು ವರ್ಷಗಳು ಬೇಕು. ಅಲ್ಲಿಯವರೆಗೆ ಆ ಗೋಡೆಗೆ ಪಡವಲ ಬಳ್ಳಿ ಹಬ್ಬಿಸಿದ್ದೇವೆ. ಕಾಯಿಗೆ ಕಾಯಿ, ನೆರಳಿಗೆ ನೆರಳು! ಮುಂದಿನ ಬೇಸಿಗೆಯಲ್ಲಿ ಕೂಸು ನಿದ್ದೆ ಮಾಡಿತು. ಹಳೇ ಮನೆಯ ತಂಪು ಬಂತಾ? ಇಲ್ಲ. ಆದರೆ ಬದುಕಬಹುದು.

"2023ರಲ್ಲಿ ಗೃಹಜ್ಯೋತಿ ಬಂತಲ್ಲ, ಫ್ಯಾನು ಹಾಕಿದರಾಯ್ತು" ಅಂತ ಕೆಲವರು ಹೇಳ್ತಾರೆ. ಬಿಲ್ಲು ಬಾರದೇ ಇರಬಹುದು. ಫ್ಯಾನು ಗಾಳಿಯನ್ನು ತಿರುಗಿಸುತ್ತೆ, ತಂಪು ಮಾಡೋದಿಲ್ಲ.

ಈಗ ಕಟ್ಟುವವರಿಗೆ ನಮಗಿಂತ ಒಳ್ಳೇ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅಸ್ತ್ರ ಒಲೆಯ ಹೆಸರು ಕೇಳಿದ್ದೀರಲ್ಲ, ಅವರೇ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡೋದನ್ನು ಅವರು ತೋರಿಸಿಕೊಟ್ಟರು. 100 ಪಾಲಿಗೆ 7-8 ಪಾಲು ಸಿಮೆಂಟು ಸಾಕು. ಸುಡುವ ಹಾಗಿಲ್ಲ, ಸೌದೆ ಬೇಡ. ಕೆಲವು ವಾರ ನೀರು ಚಿಮುಕಿಸಿ ಹದ ಮಾಡಬೇಕು. ಮರಳು ಬೆರೆತ ಕೆಂಪು ಮಣ್ಣು ಇದಕ್ಕೆ ಒಳ್ಳೇದು. ಕಪ್ಪು ಎರೆಮಣ್ಣು ಆಗೋದಿಲ್ಲ, ಅದು ಉಬ್ಬಿ ಬಿರುಕು ಬಿಡುತ್ತೆ. ಕಲ್ಲಿನ ತಳಪಾಯ ಎತ್ತರಕ್ಕೆ ಹಾಕಿ, ಮಾಡು ಮುಂದಕ್ಕೆ ಚಾಚಿ, ಗೋಡೆಗೆ ಮಳೆ ಬಡಿಯದ ಹಾಗೆ ಮಾಡಿ. ಹೊಳೆ ತಗ್ಗಿನಲ್ಲಂತೂ ಯಾವ ಮನೆಯೂ ಬೇಡ.

ಕಿಟಕಿ ಎದುರುಬದುರು ಇರಲಿ. ಪಶ್ಚಿಮದ ಕಡೆ ಉಗ್ರಾಣವೋ ಬಚ್ಚಲೋ ಇರಲಿ, ಬಾಣಂತಿ ಕೋಣೆ ಬೇಡ.

ಮೇಸ್ತ್ರಿ ನಿಮಗೆ ಮನೆಯ ನಕ್ಷೆ ಕೊಡ್ತಾರೆ. ಅದರ ಮೂಲೆಯಲ್ಲಿ ಒಂದು ಬಾಣದ ಗುರುತು ಇರುತ್ತೆ. ಅದು ಉತ್ತರ ದಿಕ್ಕು. ನಾವು ನಕ್ಷೆಯನ್ನು ಓದದೇ ಹೆಬ್ಬೆಟ್ಟು ಒತ್ತಿದ್ದೆವು. ಕಟ್ಟಿಸುವವರು ನಾಳೆ ಸಂಜೆ ನಿಮ್ಮ ನಕ್ಷೆ ತನ್ನಿ. ಮಲಗುವ ಕೋಣೆ ಯಾವ ದಿಕ್ಕಿಗಿದೆ ಅಂತ ಇಲ್ಲೇ ಎಲ್ಲರೂ ಕೂತು ಓದೋಣ.