ವಿದೇಶಿ ಕೈವಾಡದ ಭಯ: ಮಾಲ್ಡೀವ್ಸ್ ಚುನಾವಣೆಗಳು ಹೇಳುವ ಕಥೆ



‘ವಿದೇಶಿ ಕೈವಾಡ’ ಎಂಬ ಮಾತು ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ಇಂದಿರಾ ಗಾಂಧಿಯವರು ದೇಶದೊಳಗಿನ ಅಶಾಂತಿಯ ಹಿಂದೆ ವಿದೇಶಿ ಶಕ್ತಿಗಳ ಕೈವಾಡವಿದೆಯೆಂದು ಪದೇ ಪದೇ ಹೇಳುತ್ತಿದ್ದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ರಾಜಕೀಯ ಪಕ್ಷಗಳಿಗೆ ಹೊರದೇಶದ ಹಣ ಬರದಂತೆ ತಡೆಯುವ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯೂ ಬಂತು. ಆಗ ಭಾರತೀಯರು ಅಂಜುತ್ತಿದ್ದುದು ತಮಗಿಂತ ಬಲಿಷ್ಠವಾದ ದೇಶಗಳಿಗೆ. ಈಗ ಅದೇ ಭಯ ನೆರೆಹೊರೆಯ ಪುಟ್ಟ ದೇಶಗಳ ಚುನಾವಣೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಆದರೆ ಅಲ್ಲಿಯ ಜನ ಅಂಜುವ ದೊಡ್ಡ ದೇಶಗಳ ಸಾಲಿನಲ್ಲಿ ಭಾರತದ ಹೆಸರೂ ಇದೆ.

ಇದನ್ನು ಅರಿಯಲು ಮಾಲ್ಡೀವ್ಸ್ ಒಳ್ಳೆಯ ಉದಾಹರಣೆ. ಸುಮಾರು 1,200 ಹವಳದ ದ್ವೀಪಗಳ ಈ ರಾಷ್ಟ್ರ ಲಕ್ಷದ್ವೀಪದ ಮಿನಿಕಾಯ್‌ನಿಂದ ದಕ್ಷಿಣಕ್ಕೆ, ಎಂಟು ಡಿಗ್ರಿ ಕಾಲುವೆಯ ಆಚೆ ಹರಡಿಕೊಂಡಿದೆ. ಮಿನಿಕಾಯ್ ಜನ ಆಡುವ ಮಹಲ್ ಭಾಷೆ ಮಾಲ್ಡೀವ್ಸ್‌ನ ದಿವೇಹಿಯದೇ ಒಂದು ರೂಪ. ಲಕ್ಷದ್ವೀಪ ಸಮೂಹದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದ್ದರಿಂದ ಮಾಲ್ಡೀವ್ಸ್ ಕರಾವಳಿಯವರಿಗೆ ಅಷ್ಟೇನೂ ದೂರದ ದೇಶವಲ್ಲ.

2023ರ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿದ್ದ ಮತದಾರರು ಸುಮಾರು 2.8 ಲಕ್ಷ. ಕರ್ನಾಟಕದ ಒಂದು ದೊಡ್ಡ ವಿಧಾನಸಭಾ ಕ್ಷೇತ್ರದಲ್ಲಿ ಇರುವಷ್ಟೇ ಜನ ಎನ್ನಬಹುದು. ಇಷ್ಟು ಚಿಕ್ಕ ಕಣದಲ್ಲಿ ಹತ್ತಿಪ್ಪತ್ತು ಸಾವಿರ ಮತಗಳು ಆಚೀಚೆಯಾದರೆ ದೇಶದ ವಿದೇಶಾಂಗ ನೀತಿಯೇ ಬದಲಾಗುತ್ತದೆ. ಹೊರಗಿನವರ ಹಣಕ್ಕೆ, ಮಾತಿಗೆ, ಒತ್ತಡಕ್ಕೆ ಇಲ್ಲಿ ಫಲಿತಾಂಶವನ್ನೇ ತಿರುಗಿಸುವ ಶಕ್ತಿಯಿದೆಯೆಂದು ಜನ ನಂಬುವುದರಲ್ಲಿ ಆಶ್ಚರ್ಯವಿಲ್ಲ.

ಉಪಕಾರವೂ ಅನುಮಾನವೂ

ಮಾಲ್ಡೀವ್ಸ್ 1887ರಿಂದ 1965ರವರೆಗೆ ಬ್ರಿಟಿಷರ ರಕ್ಷಣೆಯಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೂ ದಕ್ಷಿಣದ ಗಾನ್ ದ್ವೀಪದಲ್ಲಿದ್ದ ಬ್ರಿಟಿಷ್ ವಾಯುನೆಲೆ ಮುಚ್ಚಿದ್ದು 1976ರಲ್ಲಿ. ಪರದೇಶದ ಸೈನಿಕರು ತಮ್ಮ ನೆಲದಲ್ಲಿ ಇರಬಾರದೆಂಬ ಭಾವನೆ ಅಲ್ಲಿ ಗಟ್ಟಿಯಾಗಿರುವುದಕ್ಕೆ ಈ ಹಿನ್ನೆಲೆಯಿದೆ.

1988ರ ನವೆಂಬರ್ 3ರಂದು ಶ್ರೀಲಂಕಾದ ತಮಿಳು ಉಗ್ರಗಾಮಿ ಗುಂಪೊಂದರ ಬಾಡಿಗೆ ಬಂಟರು ರಾಜಧಾನಿ ಮಾಲೆಗೆ ನುಗ್ಗಿ, ಅಧ್ಯಕ್ಷ ಮಾಮೂನ್ ಅಬ್ದುಲ್ ಗಯೂಮ್ ಅವರ ಸರ್ಕಾರವನ್ನು ಉರುಳಿಸಲು ಹೊರಟರು. ಗಯೂಮ್ ನೆರವು ಕೋರಿದರು. ಅದೇ ರಾತ್ರಿ ಭಾರತದ ಪ್ಯಾರಾಟ್ರೂಪರ್‌ಗಳು ಆಗ್ರಾದಿಂದ ಹಾರಿ ಬಂದು ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದರು. ದಂಗೆ ಅಡಗಿತು. ‘ಆಪರೇಷನ್ ಕ್ಯಾಕ್ಟಸ್’ ಎಂದು ಪ್ರಸಿದ್ಧವಾದ ಈ ಕಾರ್ಯಾಚರಣೆಯನ್ನು ಭಾರತದಲ್ಲಿ ನೆರೆಯವನಿಗೆ ಮಾಡಿದ ಉಪಕಾರವೆಂದೇ ನೆನೆಯಲಾಗುತ್ತದೆ. ಅದು ಸರಿಯೂ ಹೌದು.

ಆದರೆ ಒಂದು ಸಂಗತಿಯನ್ನು ಮರೆಯಬಾರದು. 2008ರವರೆಗೆ ಅಲ್ಲಿ ಬಹುಪಕ್ಷೀಯ ಅಧ್ಯಕ್ಷ ಚುನಾವಣೆಯೇ ಇರಲಿಲ್ಲ. ಮಜ್ಲಿಸ್ ಎಂಬ ಸಂಸತ್ತು ಒಬ್ಬನೇ ಅಭ್ಯರ್ಥಿಯ ಹೆಸರು ಸೂಚಿಸುತ್ತಿತ್ತು. ಜನ ಹೌದು ಅಥವಾ ಅಲ್ಲ ಎನ್ನಬೇಕಿತ್ತು. ಗಯೂಮ್ ಹೀಗೆ 30 ವರ್ಷ ಆಳಿದರು. ಅವರ ವಿರೋಧಿಗಳ ಕಣ್ಣಿಗೆ, ಭಾರತ ರಕ್ಷಿಸಿದ್ದು ದೇಶವನ್ನೋ ಒಬ್ಬ ಆಡಳಿತಗಾರನನ್ನೋ ಎಂಬ ಪ್ರಶ್ನೆ ಏಳುವುದು ಸಹಜ. ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ, ಆ ದಾರಿ ಆನೆಗೆ ಕಾಣುವ ರೀತಿಯೇ ಬೇರೆ, ಪಕ್ಕದ ಗದ್ದೆಯವನಿಗೆ ಕಾಣುವ ರೀತಿಯೇ ಬೇರೆ.

ಬೆಂಗಳೂರಿನ ಕಂಪೆನಿ, ಮಾಲೆಯ ರಾಜಕೀಯ

2008ರ ಅಕ್ಟೋಬರ್‌ನಲ್ಲಿ ಮೊದಲ ಬಹುಪಕ್ಷೀಯ ಚುನಾವಣೆ ನಡೆದು ಮೊಹಮ್ಮದ್ ನಶೀದ್ ಗೆದ್ದರು. 2010ರಲ್ಲಿ ಅವರ ಸರ್ಕಾರ ಮಾಲೆಯ ವಿಮಾನ ನಿಲ್ದಾಣವನ್ನು 25 ವರ್ಷಗಳ ಮಟ್ಟಿಗೆ ಜಿಎಂಆರ್ ನೇತೃತ್ವದ ಕೂಟಕ್ಕೆ ವಹಿಸಿತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಈ ಕಂಪೆನಿಗೆ ದೇಶದ ಹೆಬ್ಬಾಗಿಲನ್ನೇ ಒಪ್ಪಿಸಲಾಯಿತೆಂದು ವಿರೋಧ ಪಕ್ಷಗಳು ಬೀದಿಗಿಳಿದವು. 2012ರ ಫೆಬ್ರುವರಿ 7ರಂದು ಪೊಲೀಸ್ ಬಂಡಾಯದ ನಡುವೆ ನಶೀದ್ ರಾಜೀನಾಮೆ ನೀಡಿದರು. ಬಂದೂಕಿನ ಬೆದರಿಕೆಯಿಂದ ತಮ್ಮನ್ನು ಇಳಿಸಲಾಯಿತೆಂದು ಅವರು ಹೇಳಿದರು. ವಿಚಾರಣಾ ಆಯೋಗ ಅದನ್ನು ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಸರ್ಕಾರ ಜಿಎಂಆರ್ ಗುತ್ತಿಗೆಯನ್ನು ರದ್ದುಪಡಿಸಿತು. ಪ್ರಕರಣ ಸಿಂಗಪುರದ ಪಂಚಾಯ್ತಿ ನ್ಯಾಯಮಂಡಳಿಗೆ ಹೋಗಿ, 2016ರಲ್ಲಿ ಮಾಲ್ಡೀವ್ಸ್ ಸುಮಾರು 27 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು.

ಇದರ ನಡುವೆ 2013ರ ಫೆಬ್ರುವರಿಯಲ್ಲಿ, ಬಂಧನದ ಆದೇಶ ಎದುರಿಸುತ್ತಿದ್ದ ನಶೀದ್ ಮಾಲೆಯ ಭಾರತೀಯ ಹೈಕಮಿಷನ್ ಕಚೇರಿಯೊಳಗೆ ಹೋಗಿ ಹತ್ತು ದಿನ ಆಶ್ರಯ ಪಡೆದರು. ಮಾನವೀಯ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಚುನಾವಣಾ ವರ್ಷದಲ್ಲಿ ಪ್ರಮುಖ ಅಭ್ಯರ್ಥಿಯೊಬ್ಬ ಪರದೇಶದ ಕಚೇರಿಯಲ್ಲಿ ಕುಳಿತರೆ ಎದುರಾಳಿಗಳಿಗೆ ಬೇರೆ ಸಾಕ್ಷ್ಯವೇ ಬೇಕಿರಲಿಲ್ಲ. ಆ ವರ್ಷದ ಚುನಾವಣೆಯ ಮೊದಲ ಸುತ್ತನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮತ್ತೆ ಮತದಾನ ನಡೆದು, ನವೆಂಬರ್ 16ರ ಅಂತಿಮ ಸುತ್ತಿನಲ್ಲಿ ಗಯೂಮ್ ಅವರ ಮಲಸಹೋದರ ಅಬ್ದುಲ್ಲಾ ಯಾಮೀನ್ ಗೆದ್ದರು.

ಹೆಸರು ಬದಲಾಯಿತು, ಭಯ ಉಳಿಯಿತು

ಯಾಮೀನ್ ಚೀನಾದತ್ತ ವಾಲಿದರು. 2014ರಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಮಾಲೆಗೆ ಬಂದರು. ಮಾಲೆಯನ್ನು ವಿಮಾನ ನಿಲ್ದಾಣದ ದ್ವೀಪಕ್ಕೆ ಜೋಡಿಸುವ ಸೇತುವೆ ಚೀನಾದ ನೆರವು, ಸಾಲಗಳಿಂದ ಎದ್ದು, 2018ರ ಆಗಸ್ಟ್‌ನಲ್ಲಿ, ಅಂದರೆ ಚುನಾವಣೆಗೆ ಒಂದು ತಿಂಗಳೂ ಉಳಿದಿರದಾಗ, ಉದ್ಘಾಟನೆಯಾಯಿತು. ಚೀನಾ ದ್ವೀಪಗಳನ್ನು ಕಬಳಿಸುತ್ತಿದೆ ಎಂದು ನಶೀದ್ ಆರೋಪಿಸಿದರು, ಚೀನಾ ಅಲ್ಲಗಳೆಯಿತು. ಸಾಲದ ಬಲೆ ಎಂಬ ಮಾತು ವಿರೋಧ ಪಕ್ಷದ ಪ್ರಚಾರದಲ್ಲಿ ಮೊಳಗಿತು.

ಆ ವರ್ಷದ ಫೆಬ್ರುವರಿ 5ರಂದು ಯಾಮೀನ್ ತುರ್ತು ಪರಿಸ್ಥಿತಿ ಹೇರಿದಾಗ, ಸೇನೆಯ ಬೆಂಬಲದೊಂದಿಗೆ ರಾಯಭಾರಿಯನ್ನು ಕಳುಹಿಸುವಂತೆ ನಶೀದ್ ಭಾರತವನ್ನು ಬಹಿರಂಗವಾಗಿಯೇ ಕೋರಿದರು. ಭಾರತ ಸೇನೆ ಕಳುಹಿಸಲಿಲ್ಲ. ಆದರೆ ಆಗಸ್ಟ್‌ನಲ್ಲಿ ರಾಜ್ಯಸಭಾ ಸದಸ್ಯ ಸುಬ್ರಮಣಿಯನ್ ಸ್ವಾಮಿ ಅವರು, ಚುನಾವಣೆಯಲ್ಲಿ ಅಕ್ರಮ ನಡೆದರೆ ಭಾರತ ಮಾಲ್ಡೀವ್ಸ್ ಮೇಲೆ ದಾಳಿ ಮಾಡಬೇಕು ಎಂದು ಟ್ವಿಟರ್‌ನಲ್ಲಿ ಬರೆದರು. ಅದು ಅವರ ಸ್ವಂತ ಅಭಿಪ್ರಾಯವೆಂದು ವಿದೇಶಾಂಗ ಸಚಿವಾಲಯ ಕೈತೊಳೆದುಕೊಂಡಿತು. ಮಾಲೆಯ ಸರ್ಕಾರ ಭಾರತದ ಹೈಕಮಿಷನರ್ ಅವರನ್ನು ಕರೆಸಿ ಪ್ರತಿಭಟನೆ ದಾಖಲಿಸಿತು. ದೆಹಲಿಯಲ್ಲಿ ಎರಡು ದಿನದ ಸುದ್ದಿಯಾದ ಒಂದು ಸಾಲು ಮಾಲೆಯಲ್ಲಿ ಬಹುಕಾಲ ಬಾಳುವ ಪ್ರಚಾರ ಸಾಮಗ್ರಿಯಾಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಸೆಪ್ಟೆಂಬರ್ 23ರಂದು ಮತದಾರರು ಯಾಮೀನ್ ಅವರನ್ನು ಸೋಲಿಸಿದರು. ಇಬ್ರಾಹಿಂ ಸೋಲಿಹ್ ಶೇ 58ರಷ್ಟು ಮತ ಪಡೆದರು. ‘ಭಾರತಕ್ಕೆ ಮೊದಲ ಆದ್ಯತೆ’ ಎಂಬುದು ಅವರ ನೀತಿಯಾಯಿತು. ನೆರವು ಹರಿದು ಬಂತು. 2021ರ ಫೆಬ್ರುವರಿಯಲ್ಲಿ ಉತುರು ತಿಲಾ ಫಲ್ಹು ಎಂಬಲ್ಲಿ ಕರಾವಳಿ ಕಾವಲು ಪಡೆಗೆ ಬಂದರು ಕಟ್ಟಿಕೊಡುವ ಒಪ್ಪಂದವೂ ಆಯಿತು. ಆದರೆ ಒಪ್ಪಂದದ ಪೂರ್ಣ ವಿವರವನ್ನು ಸರ್ಕಾರ ಜನರ ಮುಂದೆ ಇಡಲಿಲ್ಲ. ಅಲ್ಲಿ ಭಾರತದ ನೌಕಾನೆಲೆ ಬರುತ್ತದೆ ಎಂಬ ವದಂತಿ ಹಬ್ಬಿತು. ‘ಇಂಡಿಯಾ ಔಟ್’ ಎಂಬ ಘೋಷಣೆ ಬಲಗೊಂಡಿತು. 2022ರ ಏಪ್ರಿಲ್‌ನಲ್ಲಿ ಸೋಲಿಹ್ ಸುಗ್ರೀವಾಜ್ಞೆಯಂಥ ಆದೇಶ ಹೊರಡಿಸಿ ಆ ಚಳವಳಿಯನ್ನೇ ನಿಷೇಧಿಸಿದರು. ಪ್ರಶ್ನೆಗೆ ಉತ್ತರ ಕೊಡುವ ಬದಲು ಪ್ರಶ್ನೆ ಕೇಳುವುದನ್ನೇ ತಡೆದಂತಾಯಿತು. ಅನುಮಾನ ಇನ್ನಷ್ಟು ಬೇರುಬಿಟ್ಟಿತು.

ಭ್ರಷ್ಟಾಚಾರ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಯಾಮೀನ್ 2023ರಲ್ಲಿ ಸ್ಪರ್ಧಿಸಲು ಅನರ್ಹರಾದಾಗ, ಅವರ ಬಣದಿಂದ ಮಾಲೆಯ ಮೇಯರ್ ಮೊಹಮ್ಮದ್ ಮುಯಿಝು ಕಣಕ್ಕಿಳಿದರು. ಭಾರತೀಯ ಸೈನಿಕರನ್ನು ಹೊರಕ್ಕೆ ಕಳುಹಿಸುವುದು ಅವರ ಮುಖ್ಯ ಭರವಸೆಗಳಲ್ಲೊಂದು. ಸೆಪ್ಟೆಂಬರ್ 30ರ ಅಂತಿಮ ಸುತ್ತಿನಲ್ಲಿ ಅವರು ಶೇ 54ರಷ್ಟು ಮತ ಪಡೆದರು. ಅಂತರ ಸುಮಾರು 19 ಸಾವಿರ ಮತಗಳು. ಭಾರತದ ಪ್ರಭಾವದ ಬಗೆಗಿನ ಭಯವನ್ನು ಮುಯಿಝು ಪರ ಪಕ್ಷಗಳ ಪ್ರಚಾರ ಬಳಸಿಕೊಂಡಿತೆಂದೂ ಜಾಲತಾಣಗಳಲ್ಲಿ ಸುಳ್ಳು ಮಾಹಿತಿ ಹರಿದಾಡಿತೆಂದೂ ಐರೋಪ್ಯ ಒಕ್ಕೂಟದ ವೀಕ್ಷಕರು ತಮ್ಮ ವರದಿಯಲ್ಲಿ ಬರೆದರು.

ಅಷ್ಟು ಗದ್ದಲಕ್ಕೆ ಕಾರಣವಾದ ಸೈನಿಕರ ಸಂಖ್ಯೆ 80ರ ಆಸುಪಾಸು. ಭಾರತ ಕೊಟ್ಟಿದ್ದ ಎರಡು ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನವನ್ನು ನಡೆಸುವುದು ಅವರ ಕೆಲಸ. ದೂರದ ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಲು ಇವು ಬಳಕೆಯಾಗುತ್ತಿದ್ದವು. ಧ್ರುವ ಹೆಲಿಕಾಪ್ಟರ್ ಬೆಂಗಳೂರಿನ ಎಚ್‌ಎಎಲ್ ತಯಾರಿಕೆ. 2024ರ ಮೇ 10ರೊಳಗೆ ಸೈನಿಕರೆಲ್ಲ ವಾಪಸಾದರು. ಅವರ ಜಾಗಕ್ಕೆ ಹೋದವರು ಎಚ್‌ಎಎಲ್‌ನ ನಾಗರಿಕ ತಂತ್ರಜ್ಞರು. ಯಂತ್ರಗಳು ಅಲ್ಲೇ ಉಳಿದವು, ಸಮವಸ್ತ್ರ ಮಾತ್ರ ಹೋಯಿತು.

ಅಳೆಯುವುದು ಹೇಗೆ?

ಹಾಗಾದರೆ ಈ ಭಯವೆಲ್ಲ ಬರೀ ಗುಮ್ಮನೇ? ಹಾಗೆನ್ನುವುದು ಆತುರದ ತೀರ್ಮಾನ. ನೆರೆಯ ದೇಶದ ಪ್ರಭಾವ ಬೇರೆ, ಹಸ್ತಕ್ಷೇಪ ಬೇರೆ. ಎರಡನ್ನೂ ಬೇರ್ಪಡಿಸಲು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ನಡೆದದ್ದು ಬಹಿರಂಗವಾಗಿಯೇ, ಗುಟ್ಟಾಗಿಯೇ? ಬೇಡ ಎನ್ನುವ ಅಧಿಕಾರ ಆ ದೇಶಕ್ಕೆ ಇತ್ತೇ? ಮತದಾರ ಯಾರನ್ನು ಆರಿಸಬೇಕೆಂಬುದನ್ನು ಹೊರಗಿನವರು ನಿರ್ಧರಿಸಲು ಹೊರಟಿದ್ದರೇ?

ಹೆಲಿಕಾಪ್ಟರ್‌ಗಳ ವಿಷಯದಲ್ಲಿ ಮಾಲ್ಡೀವ್ಸ್ ಬೇಡವೆಂದಿತು, ಭಾರತ ಸೈನಿಕರನ್ನು ಹಿಂದಕ್ಕೆ ಕರೆಸಿತು. ಎರಡನೆಯ ಪ್ರಶ್ನೆಗೆ ಅಲ್ಲಿ ಒಳ್ಳೆಯ ಉತ್ತರ ಸಿಕ್ಕಿದೆ. ಬಂದರಿನ ಒಪ್ಪಂದ ಮೊದಲನೆಯ ಪ್ರಶ್ನೆಯಲ್ಲೇ ಎಡವಿತು. ಮೂರನೆಯದು ಹೆಚ್ಚು ಗಂಭೀರ. ಮುಯಿಝು ಅವರನ್ನು ಮಹಾಭಿಯೋಗದ ಮೂಲಕ ಇಳಿಸಲು ಅಲ್ಲಿಯ ಕೆಲವರು ಭಾರತದಿಂದ 60 ಲಕ್ಷ ಡಾಲರ್ ಪಡೆಯುವ ಯೋಚನೆ ಮಾಡಿದ್ದರು, ಭಾರತದ ಗುಪ್ತಚರ ವಲಯದೊಂದಿಗೆ ಮಾತುಕತೆಯೂ ನಡೆದಿತ್ತು, ಆದರೆ ಅದು ಕೈಗೂಡಲಿಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ವರದಿ ಮಾಡಿತು. ವರದಿ ನಂಬಲರ್ಹವಲ್ಲವೆಂದು ಭಾರತ ಸರ್ಕಾರ ತಳ್ಳಿಹಾಕಿತು. ಇಂಥ ಆರೋಪ ಸಾಬೀತಾಗುವುದೂ ಕಷ್ಟ, ಸುಳ್ಳೆಂದು ತೋರಿಸುವುದೂ ಕಷ್ಟ. ಗುಟ್ಟಿನ ಕೆಲಸದ ಸ್ವಭಾವವೇ ಹಾಗೆ.

ಮಾಲ್ಡೀವ್ಸ್ ಮತದಾರರ ಬಗ್ಗೆಯೂ ಒಂದು ಮಾತು ಹೇಳಬೇಕು. 2018ರಲ್ಲಿ ಚೀನಾದ ಭಯ, 2023ರಲ್ಲಿ ಭಾರತದ ಭಯ. ಎರಡು ಸಲವೂ ಸೋತದ್ದು ಅಧಿಕಾರದಲ್ಲಿದ್ದವರು. 2008ರಲ್ಲಿ ಸೋತ ಗಯೂಮ್ ಕೂಡ ಅಧಿಕಾರದಲ್ಲಿದ್ದವರೇ. ಬಹುಪಕ್ಷೀಯ ಚುನಾವಣೆ ಬಂದ ಮೇಲೆ ಯಾವ ಅಧ್ಯಕ್ಷನೂ ಅಲ್ಲಿ ಮರಳಿ ಗೆದ್ದಿಲ್ಲ. ಮನೆ ಬಾಡಿಗೆ, ಬೆಲೆಯೇರಿಕೆ, ಒಳಜಗಳ, ಭ್ರಷ್ಟಾಚಾರ ಇವೆಲ್ಲ ಮತಪೆಟ್ಟಿಗೆಯವರೆಗೆ ಬಂದಿರುತ್ತವೆ. ಎಲ್ಲ ಫಲಿತಾಂಶವನ್ನೂ ದೆಹಲಿಯ ಸೋಲು, ಬೀಜಿಂಗ್‌ನ ಗೆಲುವು ಎಂದು ಬರೆದರೆ ಆ ಮತದಾರರಿಗೆ ಸ್ವಂತ ಬುದ್ಧಿಯೇ ಇಲ್ಲವೆಂದಂತಾಗುತ್ತದೆ.

ಮುಂದೆ ನಡೆದದ್ದೂ ಇದನ್ನೇ ತೋರಿಸುತ್ತದೆ. 2024ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಕೆಲವು ಉಪಸಚಿವರು ಭಾರತದ ಪ್ರಧಾನಿಯ ಬಗ್ಗೆ ಹಗುರವಾಗಿ ಬರೆದಾಗ ಭಾರತದಲ್ಲಿ ಬಹಿಷ್ಕಾರದ ಕೂಗೆದ್ದಿತು. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ 2024ರಲ್ಲಿ ಸುಮಾರು 1.3 ಲಕ್ಷಕ್ಕೆ ಇಳಿಯಿತು. ಆದರೂ ವಿದೇಶಿ ವಿನಿಮಯದ ಮುಗ್ಗಟ್ಟು ಎದುರಾದಾಗ ಅದೇ ಮುಯಿಝು 2024ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದರು. 40 ಕೋಟಿ ಡಾಲರ್ ಕರೆನ್ಸಿ ವಿನಿಮಯದ ನೆರವು ಪಡೆದರು. 2025ರ ಜುಲೈನಲ್ಲಿ ಮಾಲ್ಡೀವ್ಸ್ ಸ್ವಾತಂತ್ರ್ಯದ 60ನೇ ವರ್ಷಾಚರಣೆಗೆ ನರೇಂದ್ರ ಮೋದಿ ಅವರೇ ಮುಖ್ಯ ಅತಿಥಿ.

ಭಾರತ ಇಲ್ಲಿಂದ ತಿಳಿಯಬೇಕಾದದ್ದು ಸರಳವಾಗಿದೆ. ನೆರವಿನ ಒಪ್ಪಂದಗಳು ಎರಡೂ ದೇಶದ ಸಂಸತ್ತುಗಳ ಮುಂದೆ ಬರಲಿ. ನೆರೆಯ ದೇಶದಲ್ಲಿ ಇಂಥ ಪಕ್ಷ ನಮ್ಮದು, ಇಂಥದು ಅವರದು ಎಂಬ ಲೆಕ್ಕಾಚಾರ ಬಿಡಲಿ. ಗೆದ್ದವರು ಯಾರಾದರೂ ಅವರೊಂದಿಗೆ ವ್ಯವಹರಿಸುವ ಸಿದ್ಧತೆ ಇರಲಿ. ಎಪ್ಪತ್ತರ ದಶಕದಲ್ಲಿ ದೊಡ್ಡ ದೇಶಗಳಿಂದ ಭಾರತ ಬಯಸಿದ್ದು ಈ ಗೌರವವನ್ನೇ. ಅದನ್ನು ತನಗಿಂತ ಚಿಕ್ಕ ದೇಶಕ್ಕೆ ಕೊಡುವುದರಿಂದ ಭಾರತಕ್ಕೆ ನಷ್ಟವೇನಿಲ್ಲ.