ಅರಸನ ಕುದುರೆ, ಊರಿನ ಜನ

ಆಸ್ಥಾನ ಚಿತ್ರಕಾರನೆಂದರೆ ಹೊಗಳುಭಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅನ್ನ ಹಾಕಿದ ಧಣಿಯನ್ನು ದೊಡ್ಡದಾಗಿ ಬರೆಯುವುದು, ಉಳಿದವರನ್ನು ಮರೆಯುವುದು ಅವನ ಕಸುಬು ಎಂದುಕೊಂಡಿದ್ದೇವೆ. ಈ ಎಣಿಕೆಯನ್ನು ತುಸು ತಿದ್ದಬಲ್ಲ ಒಬ್ಬ ಕಲಾವಿದನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಫ್ರಾಂಜ್ ಕ್ರ್ಯೂಗರ್ ಹುಟ್ಟಿದ್ದು 1797ರಲ್ಲಿ, ಜರ್ಮನಿಯ ಆನ್‌ಹಾಲ್ಟ್ ಸೀಮೆಯ ಒಂದು ಹಳ್ಳಿಯಲ್ಲಿ. ಬರ್ಲಿನ್ನಿನ ಕಲಾ ಅಕಾಡೆಮಿಯಲ್ಲಿ ಕೆಲಕಾಲ ಕಲಿತನಾದರೂ ಅವನ ವಿದ್ಯೆಯ ಬಹುಪಾಲು ಸ್ವಂತ ಸಾಧನೆ. ಕುದುರೆಯ ಮೈಕಟ್ಟು, ನಿಲುವು, ಚರ್ಮದ ಹೊಳಪು ಅವನ ಕುಂಚಕ್ಕೆ ಎಷ್ಟು ಒಲಿದವೆಂದರೆ, ಜನ ಅವನನ್ನು 'ಕುದುರೆ ಕ್ರ್ಯೂಗರ್' ಎಂದೇ ಕರೆದರು. 1825ರಲ್ಲಿ ಅವನು ಪ್ರಷ್ಯದ ಆಸ್ಥಾನ ಚಿತ್ರಕಾರನಾದ. ಆಗ ಅಲ್ಲಿ ಆಳುತ್ತಿದ್ದವನು ಮೂರನೆಯ ಫ್ರೆಡರಿಕ್ ವಿಲಿಯಂ.

ಅದಕ್ಕೂ ಒಂದು ವರ್ಷ ಮೊದಲು ಆ ಅರಸನ ಅಳಿಯ, ರಷ್ಯದ ರಾಜಕುಮಾರ ನಿಕೊಲಸ್, ಕ್ರ್ಯೂಗರನಿಗೆ ಒಂದು ಕೆಲಸ ಒಪ್ಪಿಸಿದ್ದ. ಬರ್ಲಿನ್ನಿನ ಒಪೆರಾ ಚೌಕದ ಕವಾಯತಿನಲ್ಲಿ ತಾನು ಅಶ್ವದಳದ ಮುಂದೆ ಬರುವ ದೃಶ್ಯವನ್ನು ಚಿತ್ರಿಸಬೇಕೆಂಬುದು ಅವನ ಬಯಕೆ. ಚಿತ್ರ ಮುಗಿದದ್ದು 1830ರಲ್ಲಿ. ಅಷ್ಟರಲ್ಲಿ ನಿಕೊಲಸ್ ರಷ್ಯದ ಚಕ್ರವರ್ತಿಯೇ ಆಗಿದ್ದ. ಸುಮಾರು ಎರಡೂವರೆ ಮೀಟರ್ ಎತ್ತರದ ಈ ದೊಡ್ಡ ಚಿತ್ರದಲ್ಲಿ ಪ್ರಷ್ಯದ ಅರಸನನ್ನು ದೂರದಲ್ಲಿ ಹುಡುಕಿ ಕಾಣಬೇಕು. ನಮ್ಮ ಕಣ್ಣೆದುರಿಗೇ, ಬಲಬದಿಯಲ್ಲಿ, ಕಿಕ್ಕಿರಿದು ನಿಂತಿರುವವರು ಊರಿನ ಜನ. ಅವರಲ್ಲಿ ವಾಸ್ತುಶಿಲ್ಪಿ ಶಿಂಕೆಲ್ ಇದ್ದಾನೆ. ಶಿಲ್ಪಿಗಳಾದ ರೌಖ್ ಮತ್ತು ಶಾಡೋ ಇದ್ದಾರೆ. ಪಿಟೀಲು ವಿದ್ವಾಂಸ ಪಗನೀನಿಯೂ ಇದ್ದಾನೆ. ಇಂಥ ಗುಂಪಿನ ಚಿತ್ರಗಳಿಗಾಗಿ ಕ್ರ್ಯೂಗರ್ ಎಷ್ಟೋ ಜನರ ಮುಖಗಳನ್ನು ಮೊದಲು ಬಿಡಿಬಿಡಿಯಾಗಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ. ಹಾಗಾಗಿ ಅದು ಬರಿಯ ಗುಂಪಲ್ಲ, ಒಂದು ನಗರದ ಗುರುತು.

ಹೊಸ ಅರಸ ನಾಲ್ಕನೆಯ ಫ್ರೆಡರಿಕ್ ವಿಲಿಯಂ 1840ರಲ್ಲಿ ಪ್ರಜೆಗಳಿಂದ ನಿಷ್ಠೆಯ ಪ್ರಮಾಣ ಸ್ವೀಕರಿಸಿದ. ಆ ಸಮಾರಂಭವನ್ನು ಕ್ರ್ಯೂಗರ್ 1844ರಲ್ಲಿ ಚಿತ್ರಿಸಿದಾಗಲೂ ಮುಂದೆ ನಿಂತವರು ಜನರೇ, ಅರಸ ಹಿಂದೆ.

ಕ್ರ್ಯೂಗರ್ ಬಂಡಾಯಗಾರನಲ್ಲ, 1857ರಲ್ಲಿ ತೀರಿಕೊಳ್ಳುವವರೆಗೂ ಅರಮನೆಗಳಿಗೆ ಬೇಕಾದವನೇ. ಆದರೆ 1848ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಜನ ಬೀದಿಗಳಲ್ಲಿ ಅಡ್ಡಗಟ್ಟೆ ಕಟ್ಟಿ ಸೈನ್ಯವನ್ನು ಎದುರಿಸಿದರು. ಹೋರಾಟದಲ್ಲಿ ಸತ್ತವರ ಮುಂದೆ ಅದೇ ನಾಲ್ಕನೆಯ ಫ್ರೆಡರಿಕ್ ವಿಲಿಯಂ ಟೋಪಿ ತೆಗೆದು ನಿಲ್ಲಬೇಕಾಯಿತು. ಆ ಜನ ತನ್ನೆದುರಿಗೇ ಇದ್ದಾರೆಂದು ಅರಸನಿಗೆ ತಿಳಿಯುವ ಮೊದಲೇ ಅವನ ಚಿತ್ರಕಾರನ ಕಣ್ಣು ಅವರನ್ನು ಕಂಡಿತ್ತು. ಆಸ್ಥಾನದ ಚಿತ್ರಗಳನ್ನು ನೋಡುವಾಗ ಸಿಂಹಾಸನದ ಮೇಲಷ್ಟೇ ದೃಷ್ಟಿ ನೆಡದೆ ಅಂಚುಗಳನ್ನೂ ನೋಡೋಣ. ಚರಿತ್ರೆ ಅಲ್ಲೂ ನಿಂತಿರುತ್ತದೆ.