ಮಗಳು ವಿಮಾನ ಹಾರಿಸ್ತೀನಿ ಅಂದಾಗ



ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಮಾತು ಬಂತು. ನಮ್ಮ ಜೊತೆ ಓದಲು ಬರುವ ಒಬ್ಬ ತಾಯಿ ಹೇಳಿದರು: “ಮಗಳು ಹತ್ತನೇ ಕ್ಲಾಸು ಮುಗಿಸಿದಾಳೆ. ಪೈಲಟ್ ಆಗ್ತೀನಿ ಅಂತಾಳೆ.”

ನಾವೆಲ್ಲ ನಕ್ಕೆವು. ಆ ತಾಯಿ ನಗಲಿಲ್ಲ. “ಅದಕ್ಕೆ ಏನು ಓದಬೇಕು, ಹೇಳಿ” ಅಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ನಕ್ಕಿದ್ದಕ್ಕೆ ನಾಚಿಕೆಯಾಯಿತು. ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿದೆವು. ತಿಳಿದದ್ದನ್ನು ಈಗ ಹೇಳುತ್ತೇವೆ.

ಹೆಂಗಸರು ವಿಮಾನ ಹಾರಿಸಿದ್ದುಂಟಾ? ಉಂಟು. 1936ರಲ್ಲೇ ಉಂಟು. ಸರಳಾ ಥಕ್ರಾಲ್ ಎಂಬಾಕೆ ಲಾಹೋರಿನಲ್ಲಿ ವಿಮಾನ ಹಾರಿಸಿ ಲೈಸೆನ್ಸ್ ಪಡೆದರು. ಆಗ ಅವರಿಗೆ 21 ವರ್ಷ. ಮನೆಯಲ್ಲಿ ಪುಟ್ಟ ಮಗಳಿದ್ದಳು. ಸೀರೆ ಉಟ್ಟುಕೊಂಡೇ ವಿಮಾನ ಹತ್ತಿದ್ದರು. ನಮ್ಮ ಬೆಂಗಳೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಲ್ಲಿ 1949ರಲ್ಲಿ ಕಲಿತು ಹೊರಬಂದವರು ಉಷಾ ಸುಂದರಂ. 1951ರಲ್ಲಿ ಅವರು ಗಂಡನ ಜೊತೆ ಇಂಗ್ಲೆಂಡಿನಿಂದ ಭಾರತಕ್ಕೆ ವಿಮಾನ ತಂದರು. ಆಕಾಶದಲ್ಲಿ ಕಳೆದದ್ದು ಸುಮಾರು 27 ಗಂಟೆ. ಈಗಂತೂ ನಮ್ಮ ದೇಶದ 100 ಪೈಲಟ್‌ಗಳಲ್ಲಿ ಸುಮಾರು 15 ಮಂದಿ ಹೆಂಗಸರು.

ಇನ್ನು ಕಲಿಯುವ ದಾರಿ. 16 ವರ್ಷ ತುಂಬಿ, ಹತ್ತನೇ ತರಗತಿ ಪಾಸಾಗಿದ್ದರೆ ಕಲಿಯುವವರ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಡಾಕ್ಟರು ಪರೀಕ್ಷೆ ಮಾಡುತ್ತಾರೆ. ಕನ್ನಡಕ ಇದ್ದರೂ ಅಡ್ಡಿಯಿಲ್ಲ, ಹಾಕಿಕೊಂಡಾಗ ಕಣ್ಣು ಚೆನ್ನಾಗಿ ಕಾಣಬೇಕು. ಕೆಂಪು ಹಸಿರು ಗುರುತು ಸಿಗಬೇಕು.

ಕೂಲಿಯಾಗಿ, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್ ಬೇರೆ. ಅದಕ್ಕೆ 18 ವರ್ಷ ಆಗಬೇಕು. 200 ಗಂಟೆ ಹಾರಿಸಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು ಎಂಬುದು ಬಹುಕಾಲದಿಂದ ಬಂದ ನಿಯಮ. ಇದನ್ನು ಗಟ್ಟಿಯಾಗಿ ನೆನಪಿಡಿ. “ಹೆಣ್ಣುಮಗುವಿಗೆ ಲೆಕ್ಕ ಯಾಕೆ, ಸುಲಭದ್ದು ತಗೊಳ್ಳಲಿ” ಅಂತ ಹತ್ತನೇ ಕ್ಲಾಸು ಆದಮೇಲೆ ಹೇಳ್ತೀವಲ್ಲ, ಈ ಬಾಗಿಲು ಅಲ್ಲೇ ಮುಚ್ಚಿಹೋಗುತ್ತೆ. ನಾವೂ ಹಾಗೆ ಹೇಳಿದವರೇ.

ನಮ್ಮಲ್ಲಿ ಕೆಲವರು ಜಕ್ಕೂರಿಗೆ ಹೋಗಿ ಬೇಲಿಯ ಆಚೆ ನಿಂತು ನೋಡಿ ಬಂದೆವು. ಸಣ್ಣ ಸಣ್ಣ ವಿಮಾನಗಳು. ಕಾರಿನಷ್ಟೇ ಜಾಗ ಒಳಗೆ. ಕಲಿಯುವವಳು, ಕಲಿಸುವವರು ಅಕ್ಕಪಕ್ಕ ಕೂರುತ್ತಾರೆ. ಇಬ್ಬರ ಮುಂದೆಯೂ ಹಿಡಿ ಇರುತ್ತೆ. ಇವಳು ತಪ್ಪಿದರೆ ಅವರು ಹಿಡಿಯುತ್ತಾರೆ.

ಹತ್ತಿದ ಕೂಡಲೇ ಹಾರುವುದಿಲ್ಲ. ಮೊದಲು ವಿಮಾನದ ಸುತ್ತ ಒಂದು ಸುತ್ತು ಬರಬೇಕು. ಚಕ್ರ, ರೆಕ್ಕೆ, ಎಣ್ಣೆ ನೋಡಬೇಕು. ಇಂಧನವನ್ನು ಸ್ವಲ್ಪ ಗಾಜಿನ ಲೋಟಕ್ಕೆ ಬಿಟ್ಟು, ನೀರು ಸೇರಿದೆಯಾ ಅಂತ ನೋಡಬೇಕು. ಬಯಲಲ್ಲಿ ಕಂಬಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿರುತ್ತಾರೆ. ಗಾಳಿ ತುಂಬಿದಾಗ ಅದು ತೋಳಿನ ಹಾಗೆ ಚಾಚಿಕೊಳ್ಳುತ್ತೆ. ರಾಗಿ ತೂರುವಾಗ ಗಾಳಿ ಯಾವ ಕಡೆಯಿಂದ ಅಂತ ನಾವು ನೋಡೋದಿಲ್ಲವೇ? ಹಾಗೇ ಇವರೂ ನೋಡುತ್ತಾರೆ. ಗಾಳಿಗೆ ಎದುರಾಗಿ ಓಡಿದರೆ ವಿಮಾನ ಬೇಗ ಮೇಲೇಳುತ್ತೆ. ಇಳಿಯುವಾಗಲೂ ಎದುರು ಗಾಳಿಯೇ ಒಳ್ಳೆಯದು.

ಹೀಗೆ ಹತ್ತಾರು ಗಂಟೆ ಕಲಿತ ಮೇಲೆ ಒಂದು ದಿನ ಕಲಿಸುವವರು ಕೆಳಗಿಳಿದು, “ಈಗ ನೀನೊಬ್ಬಳೇ ಹೋಗಿ ಬಾ” ಅನ್ನುತ್ತಾರೆ. ಪಕ್ಕದ ಸೀಟು ಖಾಲಿ. ಮೇಲೇರಿ, ಒಂದು ಸುತ್ತು ಹೊಡೆದು, ಇಳಿಯಬೇಕು. ಕೆಳಗೆ ನಿಂತ ಗುರುವಿಗೂ ಆಗ ಎದೆ ಡವಡವ ಅನ್ನುತ್ತಿರಬೇಕು. ನಮಗಂತೂ ಕೇಳಿದಾಗಲೇ ಅಂದಿತು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಒಂದು ಗಂಟೆ ಹಾರಿಸಲು 10,000 ರೂಪಾಯಿಗೂ ಹೆಚ್ಚು ಬೇಕು. ಎಲ್ಲ ಸೇರಿ 40–50 ಲಕ್ಷ ಆಗುವುದುಂಟು. ಕೇಳಿ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಬ್ಯಾಂಕುಗಳು ಓದಿಗೆ ಸಾಲ ಕೊಡುತ್ತವೆ. ಆದರೆ ಇಷ್ಟು ದೊಡ್ಡ ಸಾಲಕ್ಕೆ ಆಧಾರ ಕೇಳುತ್ತವೆ. ಸಮಾಜ ಕಲ್ಯಾಣ ಇಲಾಖೆಯಲ್ಲೂ ಸಹಾಯ ಇದೆಯೇ ಎಂದು ವಿಚಾರಿಸಬೇಕು. ಲೈಸೆನ್ಸ್ ಸಿಕ್ಕ ಕೂಡಲೇ ಕೆಲಸ ಸಿಗುತ್ತೆ ಅಂತಲೂ ಇಲ್ಲ. ಕೆಲವರು ವರ್ಷಗಟ್ಟಲೆ ಕಾದಿದ್ದಾರೆ. ಮನೆ ಅಡ ಇಡುವ ಮುಂಚೆ ಇದನ್ನೂ ಮಗಳ ಜೊತೆ ಕೂತು ಮಾತಾಡಿ. ಯಾರಾದರೂ “ದುಡ್ಡು ಕೊಡಿ, ಸೀಟು ಕೊಡಿಸ್ತೀನಿ” ಅಂದರೆ ಕೊಡಬೇಡಿ. ಆ ಶಾಲೆಗೆ ದಿಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಇದೆಯಾ ಅಂತ ಮೊದಲು ನೋಡಿ.

ಖರ್ಚಿಲ್ಲದ ಕೆಲಸವೂ ಒಂದಿದೆ. ಶಾಲೆಯ ಅಂಕಪಟ್ಟಿ, ಜನನ ಪತ್ರ, ಆಧಾರ್ ಕಾರ್ಡು ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಮಗಳ ಹೆಸರು, ಹುಟ್ಟಿದ ತಾರೀಕು ಮೂರರಲ್ಲೂ ಒಂದೇ ಇರಬೇಕು. ಆ ತಾಯಿ ನಮ್ಮ ಮುಂದೆಯೇ ಓದಿದರು. ಒಂದರಲ್ಲಿ ಜೂನ್, ಇನ್ನೊಂದರಲ್ಲಿ ಜುಲೈ ಇತ್ತು! ತಪ್ಪನ್ನು ಅವರೇ ಹಿಡಿದರು.

ಮಗಳಿಗೆ 18 ತುಂಬಿಲ್ಲ. ಹಾಗಾಗಿ ಸೇರುವ ಅರ್ಜಿಗೆ ತಂದೆಯೋ ತಾಯಿಯೋ ಸಹಿ ಹಾಕಬೇಕು. “ನಾನೇ ಹಾಕ್ತೀನಿ. ಆದರೆ ಮೊದಲು ಜೂನ್ ಜುಲೈ ಸರಿಮಾಡಿಸ್ಕೊಂಡು ಬರ್ತೀನಿ” ಅಂತ ಹೇಳಿ, ಮೂರೂ ಕಾಗದ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ನಾಳೆ ಸೋಮವಾರ. ನಮ್ಮಲ್ಲಿ ಇಬ್ಬರು ಅವರ ಜೊತೆ ತಾಲ್ಲೂಕು ಕಚೇರಿಗೆ ಹೊರಟಿದ್ದೇವೆ.